ಪಟ್ಟಾದ ಏಳನೆಯ ತೂತು

ಡಾಕ್ಟರು ಹೇಳಿದ್ದು ಒಂದೇ ಮಾತು: ಸಕ್ಕರೆ ಪೂರ್ತಿ ಬಿಡಬೇಕು. ಕಾಂತೇಶ ಬಿಟ್ಟ. ಅದೇನು ಅಂತಿಂಥ ಬಿಡುವಿಕೆಯಲ್ಲ. ಚಹದಂಗಡಿಯಲ್ಲಿ ಸಕ್ಕರೆ ಚಹ ಬಂದರೆ ಕಪ್ಪನ್ನು ಒಂದೇ ಬೆರಳಿನಿಂದ ಆಚೆ ಸರಿಸುತ್ತಿದ್ದ. ಮದುವೆ ಮನೆಯಲ್ಲಿ ಬುಂದೇ ಉಂಡೆಯ ಬುಟ್ಟಿ ಹತ್ತಿರ ಬಂದಾಗ ಎಲೆಗೆ ಎರಡೂ ಕೈ ಅಡ್ಡ ಹಿಡಿದು, ಪಂಕ್ತಿಯಲ್ಲಿ ಕೂತವರೆಲ್ಲ ತನ್ನನ್ನು ನೋಡಿದರೋ ಇಲ್ಲವೋ ಎಂದು ಓರೆಗಣ್ಣಿನಿಂದ ಖಾತ್ರಿ ಮಾಡಿಕೊಂಡಿದ್ದ. ಮೂರು ತಿಂಗಳ ಮೇಲೆ ಬೈಲಹೊಂಗಲಕ್ಕೆ ಹೋಗಿ ಅದೇ ದವಾಖಾನೆಯ ಅದೇ ಕಾಟಾದ ಮೇಲೆ, ಬಹುಮಾನ ಇಸಕೊಳ್ಳಲು ವೇದಿಕೆ ಹತ್ತಿದವನಂತೆ ಎದೆ ಸೆಟೆಸಿ ನಿಂತ. ಎಂಬತ್ತಾರು ಕಿಲೋ ಇದ್ದದ್ದು ತೊಂಬತ್ತಾಗಿತ್ತು.

"ಸಕ್ಕರಿ ಬಿಟ್ಟೀರೋ ಇಲ್ಲೋ?" ಅಂದರು ಡಾಕ್ಟರು.

"ಒಂದ್ ಕಾಳು ಮುಟ್ಟಿಲ್ರೀ ಸಾಹೇಬ್ರ. ಚಾಕ್ಕೂ ಬೆಲ್ಲಾನ. ಮುಂಜಾನಿ ರೊಟ್ಟಿ ಜೋಡಿ ಬೆಲ್ಲ ತುಪ್ಪ, ಸಂಜಿಕ ಬೆಲ್ಲ ಶೇಂಗಾ. ಸಕ್ರಿ ಮಾತ್ರ ಮನಿ ಹೊಸ್ತಿಲಾ ದಾಟಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಬೆಲ್ಲಾ ಯಾತರಿಂದ ಮಾಡ್ತಾರ್ರಿ?"

"ಕಬ್ಬಿಲೆರಿ."

"ಮತ್ತ ಸಕ್ಕರಿ?"

ಕಾಂತೇಶ ಬಾಯಿ ತೆರೆದ. ಹಿಂದಿನ ಬೆಂಚಿನ ಮೇಲೆ ಯಾರೋ ಹೆಣ್ಣುಮಗಳು ಸೆರಗಿನಲ್ಲಿ ಕಿಸಕ್ಕೆಂದಳು. ಅವನ ಮನೆಯಲ್ಲೇನು, ಇಡೀ ನೇಸರಗಿಯಲ್ಲಿ ಸಕ್ಕರೆ ಎಂದರೆ ಅಂಗಡಿಯಿಂದ ತರುವ ಸಿಹಿ. ಬೆಲ್ಲ ಎಂದರೆ ರೊಟ್ಟಿಯಂತೆ, ಖಾರಬ್ಯಾಳಿಯಂತೆ ಊಟ. ಅದನ್ನು ಸಿಹಿಯ ಲೆಕ್ಕಕ್ಕೆ ಹಿಡಿದವರನ್ನು ಅವನು ಕಂಡಿರಲಿಲ್ಲ. ಆದರೆ ಈ ಸಮಾಧಾನವನ್ನು ಡಾಕ್ಟರ ಮುಂದೆ ಹೇಳಲಾದೀತೆ? ಐಟಿಐ ಪಾಸಾದ, ಮೋಟರಿನ ಗುಂಯ್‌ಗುಡುವಿಕೆ ಕೇಳಿಯೇ ಯಾವ ಫೇಸು ಹೋಗಿದೆ ಎಂದು ಹೇಳಬಲ್ಲ ಗಂಡಸು, ಕಿವಿಯ ತುದಿಯವರೆಗೂ ಕೆಂಪಾಗಿ ಕಾಟಾದಿಂದ ಇಳಿದ.

ತೂಕದ ಈ ಗೊಡವೆ ಚಂದ ಕಾಣಬೇಕೆಂದು ಹುಟ್ಟಿದ್ದಲ್ಲ. ಕಾಂತೇಶ ನೇಸರಗಿಯಲ್ಲಿ ಲೈನ್‌ಮನ್. ಏಣಿಯಿಂದ ಕಂಬ ಹತ್ತಿದ ಮೇಲೆ ಸೊಂಟದ ಚರ್ಮದ ಪಟ್ಟಾವನ್ನು ಕಂಬಕ್ಕೆ ಬಿಗಿದುಕೊಂಡರೇ ಎರಡೂ ಕೈ ಕೆಲಸಕ್ಕೆ ಬಿಡುವಾಗುವುದು. ಆ ಪಟ್ಟಾಕ್ಕೆ ಏಳು ತೂತು. ೧೯೯೮ರಲ್ಲಿ ನೌಕರಿಗೆ ಸೇರಿದಾಗ ಅವನದು ಮೂರನೆಯದು. ೨೦೦೨ರ ಮಳೆಗಾಲದ ಹೊತ್ತಿಗೆ ಏಳನೆಯದೂ ಸಿಗದಾಯಿತು. ಡಾಕ್ಟರ ಹತ್ತಿರ ಮೊದಲ ಸಲ ಓಡಿದ್ದು ಆಗಲೇ.

ಅವನ ಜೋಡಿ ಕೆಲಸದವನು ಗಂಗಪ್ಪ. ಐವತ್ತಾರು ವಯಸ್ಸು, ಹಂಚಿಕಡ್ಡಿಯಂಥ ಸಣಕಲು ಮೈ, ಎಡ ಮೊಣಕಾಲು ಮಾತ್ರ ಹೆಜ್ಜೆಗೊಮ್ಮೆ ಕಟಕಟ ಅನ್ನುವುದು. ಒಬ್ಬ ಮೇಲೆ, ಒಬ್ಬ ಕೆಳಗೆ; ಹರೆಯದವನು ಮೇಲೆ ಎಂಬುದು ಎಲ್ಲ ಕಡೆಯ ರೂಢಿ. ಪಟ್ಟಾ ಇಲ್ಲದೆ ಕಾಂತೇಶ ಹತ್ತಹೋದಾಗ ಗಂಗಪ್ಪ ಏಣಿ ಕಸಿದುಕೊಂಡಿದ್ದ.

"ಪಟ್ಟಾ ಕೂಡೂತನಕಾ ನಾ ಹತ್ತತೇನಿ. ಖರೆ ಲಗೂನ ಹೊಟ್ಟಿ ಇಳಸು, ತಮ್ಮಾ. ಈ ಮೊಣಕಾಲೇನ ಸರಕಾರ ಕೊಟ್ಟದ್ದಲ್ಲ, ಕೆಟ್ಟರ ಬದಲಿ ಬರೂದಿಲ್ಲ."

ಹಾಗೆ ಕಾಂತೇಶ ಕೆಳಗೆ ನಿಂತು, ಒಡೆದ ಹಿಮ್ಮಡಿಗಳು ಒಂದೊಂದೇ ಮೆಟ್ಟಿಲು ಏರಿ, ನಡುನಡುವೆ ನಿಂತು ಮೊಣಕಾಲು ತಿಕ್ಕಿಕೊಳ್ಳುವುದನ್ನು ನೋಡಬೇಕಾಯಿತು. ಹಾದಿಹೋಕರು ಸುಮ್ಮನೆ ಹೋಗುವ ಪೈಕಿಯೇ? "ಏನ್ರೀ, ಮುದುಕಪ್ಪ ಮ್ಯಾಲ, ಪೈಲ್ವಾನ್ರು ಕೆಳಗ! ಕಂಬಾ ತಲಿಕೆಳಗ ಮಾಡಿ ಹುಗದಾರೇನು?"

ಬೆಲ್ಲದ ಗುಟ್ಟು ಬಯಲಾದ ಮೇಲೆ ಅವನು ನಿಜವಾಗಿಯೂ ಬಿಟ್ಟ. ಅವ್ವ ಮನೆಯ ಬೆಲ್ಲದ ಪೆಂಟೆಯನ್ನೇ ಪಕ್ಕದ ಮನೆಗೆ ಕೊಟ್ಟುಬಿಟ್ಟಳು. ಮೊದಲ ವಾರ ತಲೆ ಸಿಡಿಯಿತು. ಮಧ್ಯಾಹ್ನ ನಾಲ್ಕಾಯಿತೆಂದರೆ ಬಾಯಿ ತನ್ನಷ್ಟಕ್ಕೆ ತಾನೇ ಚಪ್ಪರಿಸುವುದು. ಸುಟ್ಟ ಮೋಟರಿನ ವಾರ್ನಿಶ್ ವಾಸನೆಯೂ ಪಾಕದಂತೆ ಬಡಿಯುವುದು. ರೊಟ್ಟಿ, ಪುಂಡಿಪಲ್ಲೆ, ಮಜ್ಜಿಗೆ ಇಷ್ಟರ ಮೇಲೆ ನಲವತ್ತು ದಿನ ತೆಗೆದ. ನಲವತ್ತೊಂದನೆಯ ದಿನ ಉಸಿರು ಒಳಗೆಳೆದಾಗ ಬಕ್ಕಲಿನ ನಾಲಗೆ ಏಳನೆಯ ತೂತಿಗೆ ಟಕ್ಕೆಂದು ಕೂತಿತು. ಸಂಪಗಾಂವ ರಸ್ತೆಯ ಕಂಬವನ್ನು ಅವನು ಹತ್ತಿದ, ಗಂಗಪ್ಪ ಕೆಳಗೆ ನಿಂತ.

"ಹೆಂಗೈತೋ ಮ್ಯಾಲಿನ ಹವಾ?"

"ತಂಪ್ ಐತಿ ಕಾಕಾ!"

ವಾರದ ಮೇಲೆ ಗಂಗಪ್ಪನ ಹೆಂಡತಿ ಲಗಮವ್ವ ಸಂತೆಯಲ್ಲಿ ಸಿಕ್ಕಳು. "ಎಂಟ್ ದಿನಾ ಆತು ಯಪ್ಪಾ, ಕಾಲಿಗೆ ಎಣ್ಣಿ ತಿಕ್ಕು ಅಂದಿಲ್ಲ ನಿಮ್ಮ ಕಾಕಾ. ನಿನ್ನ ಹೊಟ್ಟಿ ತಣ್ಣಗಿರಲಿ," ಅಂದಳು. ಆಮೇಲೆ ಅವನ ಹೊಟ್ಟೆ ನೋಡಿ ತಾನೇ ನಕ್ಕಳು.

ಅಷ್ಟರಲ್ಲಿ ಕಬ್ಬಿನ ಗಾಣ ಶುರುವಾದವು. ಸೋಮಪ್ಪನ ಗಾಣದಲ್ಲಿ ಮೋಟರು ನಿಂತಿತೆಂದು ಕರೆ ಬಂತು. ಕೊಪ್ಪರಿಗೆಯಲ್ಲಿ ಅರ್ಧ ಕಬ್ಬಿನ ಹಾಲು, ಹೊಲದಲ್ಲಿ ಕಡಿದ ಕಬ್ಬು. ಕಾಂತೇಶ ಒಬ್ಬನೇ ಹೋಗಿ ಫ್ಯೂಸು ಕಟ್ಟಿದ, ಗಾಣ ತಿರುಗಿತು. ಕರೆಂಟು ಕೊಟ್ಟವನನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ಆ ಕಡೆಗಿಲ್ಲ. ಸೋಮಪ್ಪ ಬಿಸಿ ಬೆಲ್ಲವನ್ನು ಅಂಗೈಯಲ್ಲಿ ಒತ್ತಿ ಮುಟಿಗೆ ಮಾಡಿ ತಂದ.

"ಬಾಯಿ ಸಿಹಿ ಮಾಡ್ಕೋರಿ."

"ಒಲ್ಲೆರಿ, ಬಿಟ್ಟೇನಿ."

"ಯಾಕ, ನಮ್ಮ ಕೈಯಾಂದು ಸೇರೂದಿಲ್ಲೇನು?"

ಇದೇ ಗಾಣಕ್ಕೆ ಕಾಂತೇಶನ ಅಪ್ಪ ಕಬ್ಬು ಕಡಿಯುವಾಗ ಅವನ ಪಾಲಿನ ಬೆಲ್ಲವನ್ನು ಮುಟ್ಟಿದರೆ ಮೈಲಿಗೆಯೆಂದು ದೂರದಲ್ಲಿ ಕಬ್ಬಿನ ಒಣ ರವದಿಯ ಮೇಲೆ ಇಟ್ಟು ಸರಿಯುತ್ತಿದ್ದರು. ಈಗ ಸೋಮಪ್ಪ ಕೈಗೇ ಕೊಡುತ್ತಿದ್ದಾನೆ, ಒಲ್ಲೆ ಎನ್ನುವುದು ಹೇಗೆ? ಎಂದುಕೊಂಡು ಇಸಕೊಂಡ. ಹಾಗೆ ಅಂದುಕೊಂಡದ್ದು ಸುಳ್ಳಲ್ಲ. ಆದರೆ ಎರಡನೆಯ ಮುಟಿಗೆಯನ್ನು ಯಾರೂ ಕೊಟ್ಟಿರಲಿಲ್ಲ, ಅವನೇ ಕೇಳಿದ್ದ. ಮೂರನೆಯದನ್ನು ಕಾಗದದಲ್ಲಿ ಕಟ್ಟಿಸಿಕೊಂಡ. ಅಪ್ಪನ ಅವಮಾನವನ್ನೂ ಬೆಲ್ಲಕ್ಕೆ ನೆವ ಮಾಡಿಕೊಂಡ ಮಗ ತಾನೊಬ್ಬನೇ ಇರಬೇಕೆಂದು ಸೈಕಲ್ ಹತ್ತುವಾಗ ಅನ್ನಿಸಿತು. ಬಾಯಿ ಮಾತ್ರ ನಿಲ್ಲಲಿಲ್ಲ.

ಮನೆಯಲ್ಲಿಟ್ಟರೆ ಅವ್ವ ನೋಡುತ್ತಾಳೆ. ಹತ್ಯಾರಿನ ಚೀಲದಲ್ಲಿ ರಬ್ಬರಿನ ಕೈಗವಸುಗಳಿದ್ದವು; ಎಡಗೈಯದರೊಳಗೆ ತುರುಕಿದ. ಆ ವಾರ ಇನ್ನೆರಡು ಗಾಣ, ಮುಂದಿನ ವಾರ ಮೂರು. ಟ್ರಾನ್ಸ್‌ಫಾರ್ಮರಿನ ಮರೆಯಲ್ಲಿ ನಿಂತು ತಿನ್ನುತ್ತಿದ್ದ. ರುಚಿಯೂ ಹತ್ತುತ್ತಿರಲಿಲ್ಲ, ಯಾರಾದರೂ ಬಂದಾರೆಂಬ ಗಾಬರಿಗೆ ಅಗಿಯದೇ ನುಂಗುವುದು. ಕಂಬ ಹತ್ತುವ ಕೆಲಸ ಆ ದಿನಗಳಲ್ಲಿ ಬರಲಿಲ್ಲ, ಅದೊಂದು ಪುಣ್ಯವೆಂದುಕೊಂಡ.

ಸಂಕ್ರಾಂತಿಯ ಮರುವಾರ ಊರ ಹೊರಗೆ ತಂತಿ ಹರಿಯಿತು. ಲೈನು ಬಂದ್ ಮಾಡಿಸಿ ಇಬ್ಬರೂ ಹೋದರು. ಕಾಂತೇಶ ಗಂಗಪ್ಪನಿಗೆ ಬೆನ್ನು ತಿರುವಿ ಪಟ್ಟಾ ಎಳೆದ. ಉಸಿರು ಎಳೆದ. ಮತ್ತೊಮ್ಮೆ ಎಳೆದ. ಏಳನೆಯ ತೂತು ಎರಡು ಬೆರಳು ದೂರದಲ್ಲೇ ನಿಂತಿತ್ತು.

"ಬಲಗೈ ಉಳಕೈತಿ ಕಾಕಾ," ಅಂದ ತಿರುಗದೆಯೇ. "ನಿನ್ನಿ ಕೊಡಾ ಎತ್ತೂಮುಂದ."

ಗಂಗಪ್ಪ ಅವನ ಕೈ ನೋಡಲಿಲ್ಲ, ಪಟ್ಟಾ ನೋಡಿದ. ಇಸಕೊಂಡು ತನ್ನ ಎರಡನೆಯ ತೂತಿಗೆ ಹಾಕಿದ. ಚೀಲದಿಂದ ರಬ್ಬರಿನ ಕೈಗವಸು ತೆಗೆದು ಬಲಗೈಗೆ ಏರಿಸಿದ. ಎಡಗೈಯದರಲ್ಲಿ ಬೆರಳು ಇಳಿಯಲಿಲ್ಲ. ಜಾಡಿಸಿದ. ನಿಂಬೆಹಣ್ಣಿನಷ್ಟು ಬೆಲ್ಲದ ಉಂಡೆ, ಅದರ ಬೆನ್ನಿಗೆ ಸಾಲು ಹಿಡಿದ ಇರುವೆಗಳು.

ಗಂಗಪ್ಪ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಉಂಡೆಯನ್ನು ಎತ್ತಿ, ಊದಿ, ಕಾಂತೇಶನ ಉಳುಕಿದ ಬಲಗೈಯಲ್ಲೇ ಇಟ್ಟ.

"ಹಿಡಕೋ. ಮಣ್ಣಾಗ್ತೈತಿ."

ಏಣಿ ಹತ್ತಿ ಹೋದ. ಅವನು ತಂತಿ ಕೂಡಿಸುವಷ್ಟು ಹೊತ್ತು ಕಾಂತೇಶ ಬೆಲ್ಲ ಹಿಡಿದೇ ನಿಂತಿದ್ದ. ಇರುವೆಗಳು ಮುಂಗೈ ಏರಿ ತೋಳಿನತನಕ ಬಂದರೂ ಕೊಡವಲಿಲ್ಲ. ಗಂಗಪ್ಪ ಪಟ್ಟಾ ಬಿಚ್ಚಿ ಇಳಿಯತೊಡಗಿದ. ಇನ್ನು ನಾಲ್ಕು ಮೆಟ್ಟಿಲಿರುವಾಗ ಮೊಣಕಾಲು ಕಟಕ್ಕೆಂದಿತು. ಕಾಂತೇಶ ಬೆಲ್ಲ ಒಗೆದು ಓಡುವಷ್ಟರಲ್ಲಿ ಅವನು ನೆಲದ ಮೇಲಿದ್ದ, ಎಡಗಾಲು ಅಡಿಗೆ ಸಿಕ್ಕಿತ್ತು.

ಬೈಲಹೊಂಗಲದ ಅದೇ ದವಾಖಾನೆ. ಕಾಲಿಗೆ ತೊಡೆಯತನಕ ಪ್ಲಾಸ್ಟರ್ ಹಾಕಿ, ಇನ್ನು ಏಣಿಯ ಮಾತೇ ಬೇಡ ಎಂದರು. ಮಧ್ಯಾಹ್ನದ ಬಸ್ಸಿಗೆ ಲಗಮವ್ವ ಬಂದಳು. ಅಳಲಿಲ್ಲ. ಗಂಡನ ಕಾಲು ಮುಟ್ಟಿ ನೋಡಿದಳು, ಆಮೇಲೆ ಮೂಲೆಯಲ್ಲಿ ನಿಂತಿದ್ದ ಕಾಂತೇಶನತ್ತ ತಿರುಗಿದಳು.

"ಹರೇದಾಂವ ನೀ ಇದ್ದೆಲ್ಲೋ, ಕಲ್ಲಿನಂಗ. ಇವರನ್ಯಾಕ ಹತ್ತಿಸಿದಿ?"

ಕಾಂತೇಶನಿಗಿಂತ ಮೊದಲು ಗಂಗಪ್ಪನೇ ಮಂಚದ ಮೇಲಿಂದ ಬಾಯಿ ಹಾಕಿದ. "ಅವನ್ನ ಯಾಕ ಕೇಳ್ತಿ? ಅವನ ಕೈ ಉಳಕಿತ್ತು."

ಲಗಮವ್ವ ಕೈಯತ್ತ ನೋಡಿದಳು. ಅಂಗೈಗೆ ಇನ್ನೂ ಅಂಟು ಇತ್ತು. ಕಾಂತೇಶ ಅದನ್ನು ಹಿಂದಕ್ಕೆ ಅಡಗಿಸಹೋಗಿ, ಅಡಗಿಸದೆ, ಅವಳ ಮುಂದೆ ಚಾಚಿದ.

"ಕೈ ಚೊಲೋನ ಐತಿ ಚಿಗವ್ವಾ. ಬೆಲ್ಲಾ ಕದ್ದು ತಿಂದ್ನಿ, ಪಟ್ಟಾ ಕೂಡಲಿಲ್ಲ."