ಹಬೆಮನೆಯ ಕವಿ

ಎಸ್ತೋನಿಯದ ಮಕ್ಕಳೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡುವ ಪದ್ಯಗಳನ್ನು ಬರೆದ ಹಿಂದ್ರೆಕ್, ತನ್ನ ಹಳ್ಳಿಯವರ ಮಟ್ಟಿಗೆ ಶನಿವಾರದ ಹಬೆಸ್ನಾನಕ್ಕೆ ಒಲೆ ಉರಿಸುವ ಮುದುಕ, ಅಷ್ಟೆ. ಬೆಳಗ್ಗೆಯೇ ಸೌದೆ ಒಡೆದು ಹಬೆಮನೆಯ ಒಲೆ ಹೊತ್ತಿಸುತ್ತಾನೆ. ಸಂಜೆ ನೆರೆಯ ಗಂಡಸರು ಬಟ್ಟೆ ಕಳಚಿ ಹಲಗೆಗಳ ಮೇಲೆ ಕೂತರೆ, ಕಾದ ಕಲ್ಲಿಗೆ ಒಂದು ಚೊಂಬು ನೀರೆರಚಿ, ಹಬೆ ಏಳುವಷ್ಟರಲ್ಲಿ ಹೊಸ ಸಾಲೊಂದನ್ನು ಹೇಳುತ್ತಾನೆ. "ಇನ್ನೊಂದು ಚೊಂಬು ಹಾಕು ಮಾರಾಯ, ಈ ಸಾಲಿಗೆ ಬೆವರೇ ಬರ್ಲಿಲ್ಲ," ಎನ್ನುತ್ತಾನೆ ಮೇಲಿನ ಹಲಗೆಯ ಎಂಡೆಲ್, ಬರ್ಚ್ ಮರದ ಸೊಪ್ಪಿನ ಕಂತೆಯಿಂದ ಬೆನ್ನು ಬಡಿದುಕೊಳ್ಳುತ್ತ. ಹಿಂದ್ರೆಕ್‌ಗೆ ಬೇಸರವಿಲ್ಲ. ಹೊರಗೋಡಿ ತಣ್ಣನೆಯ ಕೊಳಕ್ಕೆ ಧುಮುಕಿ ಏಳುತ್ತಾನೆ. ಆಗಲೂ ನೆನಪುಳಿದ ಸಾಲು ಪುಸ್ತಕಕ್ಕೆ, ಮರೆತದ್ದು ಮೀನಿಗೆ. ತಾರ್ತು ವಿಶ್ವವಿದ್ಯಾಲಯದಿಂದ ಬರುವ ಪ್ರೊಫೆಸರುಗಳು ಮಾತ್ರ, ಅವನ ಅತ್ಯಂತ ಹೆಸರಾದ ಪದ್ಯದ ನಡುವೆ ನಿಂತಿರುವ ಮುಸ್ತಿಕ್ ಎಂಬ ಕರಿ ಹಸು ಯಾವುದರ ಸಂಕೇತ ಎಂದು ಕೇಳಿಯೇ ಕೇಳುತ್ತಾರೆ. "ಮೊದ್ಲು ಸ್ನಾನ ಮಾಡಿ ಸ್ವಾಮಿ," ಎಂದು ಅವರ ಕೈಗೂ ಒಂದು ಸೊಪ್ಪಿನ ಕಂತೆ ಕೊಡುತ್ತಾನೆ. ಹಿಂದೆ ಅವನನ್ನು ಸೈಬೀರಿಯಕ್ಕೆ ಹಿಡಿದೊಯ್ದವರು ಅವನ ಪದ್ಯದ ಕಾಗದಗಳನ್ನೆಲ್ಲ ಸುಟ್ಟಿದ್ದರು. ಎಂಟು ವರ್ಷದ ಮೇಲೆ ತನ್ನ ಪದ್ಯಗಳನ್ನೇ ಮರೆತು ಮರಳಿದವನನ್ನು ನೆರೆಯವರು ಇದೇ ಹಬೆಯಲ್ಲಿ ಕೂರಿಸಿಕೊಂಡು, ಇಲ್ಲೇ ಕೇಳಿ ತಲೆಯಲ್ಲಿ ಕಾಪಾಡಿಟ್ಟಿದ್ದ ಸಾಲುಗಳನ್ನು ಒಬ್ಬೊಬ್ಬರಾಗಿ ಹೇಳಿಕೊಟ್ಟರು. ಎಂಡೆಲ್‌ಗೆ ಮಾತ್ರ ಒಂದು ಪದ ಮರೆತಿತ್ತು. ಆ ಜಾಗಕ್ಕೆ ಅವನು ತನ್ನ ಹಸುವಿನ ಹೆಸರು ಸೇರಿಸಿದ್ದ. ಹಿಂದ್ರೆಕ್‌ಗೆ ಆ ಮೂಲಪದ ಮುಂದಿನ ಶನಿವಾರವೇ ನೆನಪಾಯಿತು; ಇವತ್ತಿನವರೆಗೆ ಬಾಯಿಬಿಟ್ಟಿಲ್ಲ.