ಕದವಿಲ್ಲದ ಬಾಗಿಲ ಹೂವಿನಾಕೆ

ಚಿತ್ರದುರ್ಗದ ಹಳೇ ಪೇಟೆಗೆ ಹೋಗುವ ದಾರಿಯಲ್ಲಿ ಕೋಟೆ ಕಾಲದ ಕಲ್ಲುಬಾಗಿಲೊಂದಿದೆ. ಅದರ ಕದ ಯಾವತ್ತೋ ಹೋಗಿದೆ, ಹೊಸ್ತಿಲು ಡಾಂಬರಿನಡಿ ಹೂತಿದೆ. ಆದರೂ ಒಳಮಗ್ಗುಲಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದ ಹೂವಿನಾಕೆಗೆ ಅದು ಮನೆಯ ಬಾಗಿಲೇ. ನಾನು ಬೈಕನ್ನು ಬಾಗಿಲ ನಡುವೆ ನಿಲ್ಲಿಸಿ ಕೈಚಾಚಿದರೆ, ಕೊಡಲು ಎತ್ತಿದ್ದ ಸೇವಂತಿಗೆ ಹಾರವನ್ನು ಮತ್ತೆ ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು.

“ಒಳಗೆ ಬರ್ರಿ. ಹೊಸ್ತಿಲ ಮ್ಯಾಲೆ ಕೊಡಬಾರ್ದು, ತಗಬಾರ್ದು.”

ಹಿಂದಿನಿಂದ ಆಟೋದವರು ಹಾರ್ನ್ ಹೊಡೆದು ಬೈಯುತ್ತಿದ್ದರು. ನಾನು ಗೊಣಗುತ್ತಲೇ ಒಳಗೆ ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ನಾನು ಹೂವು ಕೊಳ್ಳುತ್ತಿದ್ದಾಗ, ಹಿರಿಯೂರಿಗೆ ಕೊಟ್ಟಿದ್ದ ಆಕೆಯ ಮಗಳು ಬ್ಯಾಗು ಹಿಡಿದು ಬಾಗಿಲ ನಡುವೆ ಬಂದು ನಿಂತಳು. ಒಳಗೆ ಕಾಲಿಡಲಿಲ್ಲ.

“ಅವ್ವಾ, ಆ ಮನೇಲಿ ಇನ್ನು ಇರಾಕಾಗಲ್ಲ. ನೀನೂ ಬ್ಯಾಡ ಅಂದ್ರೆ ಇಲ್ಲಿಂದ್ಲೇ ತಿರುಗಿ ಹೋಗ್ತೀನಿ.”

ಸುತ್ತಲಿನ ಅಂಗಡಿಯವರೆಲ್ಲ ಕೈಕೆಲಸ ಬಿಟ್ಟು ನೋಡಿದರು. ಹೂವು ಕಟ್ಟುತ್ತಿದ್ದ ಆಕೆಯ ಬೆರಳು ನಿಂತಿತು.

“ಒಳಗೆ ಬಾರವ್ವ. ಹೊಸ್ತಿಲ ಮ್ಯಾಲೆ ನಿಂತು ಅಂಥ ಮಾತಾಡಬಾರ್ದು.”

ಮಗಳು ದಾಟಿ ಬಂದ ಮೇಲೆಯೇ ಅವಳ ಕೈಯಿಂದ ಬ್ಯಾಗು ಈಸಿಕೊಂಡಳು. ತನ್ನ ಗೋಣಿತಟ್ಟಿನ ಮೇಲೆ ಸರಿದು ಜಾಗ ಮಾಡಿ, ಕೂರಿಸಿ, ಹೂವು ಕಟ್ಟುವ ನಾರನ್ನು ಅವಳ ಕೈಗಿತ್ತಳು.

ಎದುರಿನ ಬೀಡಾ ಅಂಗಡಿಯವನಿಗೆ ತಡೆಯಲಾಗಲಿಲ್ಲ. “ಎಷ್ಟು ದಿನ ಇರ್ತಾಳಮ್ಮಾ ಮಗಳು?” ಎಂದ.

ಆಕೆ ತಲೆ ಎತ್ತಲಿಲ್ಲ.

“ಒಳಗೆ ಬಂದೋರ್ನ ಯಾವಾಗ ಹೋಗ್ತೀರಿ ಅಂತ ಕೇಳಬಾರ್ದಪ್ಪ.”