ನಗದೆ ಕೇಳಬೇಕಾದ ಹಾಡು

ನಮ್ಮ ಭಾವ, ಎಂದರೆ ನಮ್ಮ ತೀರಿಹೋದ ಅಕ್ಕನ ಗಂಡ, ತಮಿಳು ಸಿನಿಮಾಗಳಲ್ಲಿ ಬಿದ್ದು ಬಿದ್ದೇ ಮನೆ ಕಟ್ಟಿದವರು. ಮೆಟ್ಟಿಲಿಂದ ಬಿದ್ದರು, ಎತ್ತಿನಗಾಡಿಯಿಂದ ಬಿದ್ದರು, ಮದುವೆಮನೆಯಲ್ಲಿ ಪಾಯಸದ ಕೊಪ್ಪರಿಗೆಗೆ ಬಿದ್ದರು. ಬಿದ್ದಾಗಲೆಲ್ಲ ಟಾಕೀಸಿನಲ್ಲಿ ಜನ ಶಿಳ್ಳೆ ಹೊಡೆದರು. ಆದರೆ ಅವರು ಬೆಂಗಳೂರು ಬಿಟ್ಟು ಮದ್ರಾಸಿಗೆ ಹೋದದ್ದು ಬೀಳುವುದಕ್ಕಲ್ಲ, ರಾಗ ಹಾಕುವುದಕ್ಕೆ. ಅಲ್ಲಿ ಒಂದು ನಾಟಕದ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು ಒಂದು ದಿನ ಪೆಟ್ಟಿಗೆ ಸಮೇತ ರಂಗದಿಂದ ಕೆಳಗೆ ಉರುಳಿದರು. ನೋಡಲು ಬಂದಿದ್ದ ಸಿನಿಮಾದವನೊಬ್ಬ ಹೊಟ್ಟೆ ಹಿಡಿದುಕೊಂಡು ನಕ್ಕ. ಅಲ್ಲಿಗೆ ಇವರ ಹಣೆಬರಹ ಬರೆದಾಯಿತು.

ಮುಂದೆ ಸಂಗೀತದ ಕೆಲಸವನ್ನೂ ಕೊಟ್ಟರು, ಇಲ್ಲ ಅನ್ನುವ ಹಾಗಿಲ್ಲ. ನಗಿಸುವವನೂ ರಾಗ ಹಾಕುವವನೂ ಒಬ್ಬನೇ ಆದರೆ ಪ್ರೊಡ್ಯೂಸರಿಗೆ ಸಲೀಸು. ಕುಣಿಯುವ ಹಾಡು, ಕುಡುಕನ ಹಾಡು ಇವರಿಗೆ. ಅಳುವ ಹಾಡು ಬೇರೆಯವರಿಗೆ. ಒಂದು ಚಿತ್ರದಲ್ಲಿ ಮಾತ್ರ ತಾಯಿ ಸಾಯುವ ದೃಶ್ಯಕ್ಕೆ ಇವರೇ ರಾಗ ಹಾಕಿದರು. ಸಾಹಿತ್ಯ ಬರೆಯುವವರನ್ನು ಕರೆಸುವ ಮೊದಲೇ ಪ್ರೊಡ್ಯೂಸರು, "ನಿನ್ನ ಹೆಸರು ಪರದೆ ಮೇಲೆ ಬಂದ್ರೆ ಸಾಕು ಜನ ನಗ್ತಾರೆ. ಅವರನ್ನ ಅಳಿಸೋದು ಹೇಗಯ್ಯಾ?" ಎಂದು ಹಾಡನ್ನೇ ಕಿತ್ತುಹಾಕಿದ. ಆ ಹಾಡು ಭಾವನ ಹೊಟ್ಟೆಯೊಳಗೇ ಉಳಿಯಿತು. ಅರಗಲಿಲ್ಲ.

ಆಮೇಲಿನದು ಅಮೆರಿಕದ ಸನ್ನಿವೇಲಿನ ಮಾತು. ಅಕ್ಕನ ಮಗಳು ಅಲ್ಲಿ ಕೆಲಸದಲ್ಲಿದ್ದಳು. ಅಪ್ಪನನ್ನು ನೋಡಿಕೊಳ್ಳಲಿ ಎಂದು ನನ್ನನ್ನು ಕರೆಸಿಕೊಂಡಳು, ನನಗೆ ಬೇಜಾರಾಗದಿರಲಿ ಎಂದು ಅಪ್ಪನನ್ನು ಕರೆಸಿಕೊಂಡಳು. ಹಾಗೆಂದು ಇಬ್ಬರಿಗೂ ಬೇರೆ ಬೇರೆಯಾಗಿ ಹೇಳಿದ್ದಳು. ಇಬ್ಬರಿಗೂ ಬೇಜಾರೇ. ಅವರು ಅಪಾರ್ಟ್‌ಮೆಂಟಿನ ಒಳಗೆ ಸುತ್ತುವುದು, ನಾನು ಹೊರಗೆ ಸುತ್ತುವುದು. ಅಲ್ಲಿನ ಫುಟ್‌ಪಾತಿನ ಮೇಲೆ ನಾಯಿ ಹಿಡಿದವರು ಬಿಟ್ಟರೆ ಯಾರೂ ನಡೆಯುವುದಿಲ್ಲ. ಡಾಟ್‌ಕಾಮಿನ ಗಲಾಟೆಯ ಕಾಲ ಅದು. ಹುಡುಗರೆಲ್ಲ ಕಾರಿನಲ್ಲೇ ತಿಂದು, ಕಾರಿನಲ್ಲೇ ಮಾತಾಡಿ, ನಾಳೆಯೇ ದೊಡ್ಡ ಮನೆ ಕೊಳ್ಳುವವರಂತೆ ಓಡುತ್ತಿದ್ದರು.

ಒಂದು ಭಾನುವಾರ ತಮಿಳು ಸಂಘದವನೊಬ್ಬ ಬಂದ. ಹಬ್ಬದ ಕಾರ್ಯಕ್ರಮದಲ್ಲಿ ಭಾವನಿಗೆ ಶಾಲು ಹೊದಿಸಬೇಕಂತೆ.

"ಸಾರ್, ನೀವು ಸ್ಟೇಜ್ ಮೇಲೆ ಒಂದೇ ಒಂದು ಸಲ ಬಿದ್ದುಬಿಟ್ರೆ ಸಾಕು ಸಾರ್. ಮೆತ್ತಗೆ ಹಾಸಿಗೆ ಹಾಕಿಸ್ತೀವಿ."

"ಬೀಳ್ತೀನಿ," ಎಂದರು ಭಾವ. "ಆದರೆ ಅದಕ್ಕೆ ಮುಂಚೆ ನನ್ನ ಒಂದು ಹಾಡು ಆಗಬೇಕು. ಯಾರೂ ನಗಬಾರದು."

"ಕಾಮಿಡಿ ಸಾಂಗಾ ಸಾರ್?"

"ಸಾವಿನ ಹಾಡು."

ಅವನು ಅದಕ್ಕೂ ನಕ್ಕುಬಿಟ್ಟ.

ಅವನು ಹೋದ ಮೇಲೆ ಮಗಳು ಹಿಡಿದುಕೊಂಡಳು. "ಅಪ್ಪಾ, ಈ ಸೊಂಟ ಇಟ್ಕೊಂಡು ಬೀಳ್ತೀರಾ? ಚಿಕ್ಕಮ್ಮಾ, ನೀವಾದ್ರೂ ಹೇಳಿ."

"ಬೀಳೋದು ನನಗೆ ಗೊತ್ತಿರೋ ಕೆಲಸ ಕಣಮ್ಮ. ಹೆದರಿಕೆ ಇರೋದು ಹಾಡಿಂದು," ಎಂದರು ಭಾವ.

ಅಂದಿನಿಂದ ಅವರಿಗೆ ಊಟ ಸೇರದು, ಕೂತಲ್ಲಿ ಕೂರರು. ತಬಲಾಗೆ ಒಬ್ಬ ಸಾಫ್ಟ್‌ವೇರ್ ಹುಡುಗ ಸಿಕ್ಕಿದ. ಮೊದಲು ಅವನಿಗೆ ಪುರುಸೊತ್ತೇ ಇರಲಿಲ್ಲ. ಆಮೇಲೆ ಅವನ ಕಂಪನಿ ಮುಚ್ಚಿತು, ದಿನವಿಡೀ ನಮ್ಮ ಮನೆಯಲ್ಲೇ ಕೂತ. ಬಾರಿಸುವ ಕೈ ಪಳಗುವಷ್ಟರಲ್ಲಿ ವೀಸಾ ಮುಗಿಯಿತೆಂದು ಚೆನ್ನೈಗೆ ಹೋದ. ಉಳಿದವಳು ಪಕ್ಕದ ಊರು ಮೌಂಟನ್ ವ್ಯೂನಿಂದ ಬರುತ್ತಿದ್ದ ಪಿಟೀಲಿನ ಹುಡುಗಿ. ಅಲ್ಲೇ ಹುಟ್ಟಿದವಳು, ತಮಿಳು ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬಂದ ದಿನವೇ "ತಾತಾ, ವೇರ್ ಈಸ್ ದಿ ನೋಟೇಶನ್?" ಎಂದಳು.

ನೋಟೇಶನ್ನೂ ಇಲ್ಲ, ಎಂಥದೂ ಇಲ್ಲ. ಭಾವ ಕೆಲಸ ಕಲಿತ ಕಡೆ ರಾಗವನ್ನು ಬಾಯಲ್ಲೇ ಕೊಡುವುದು. ಸಾಹಿತ್ಯ ಬರುವ ತನಕ ಬಾಯಿಗೆ ಬಂದ ಮಾತು ತುಂಬಿಸಿ ಹಾಡುವುದು. ಅದಕ್ಕೆ ಡಮ್ಮಿ ಎನ್ನುತ್ತಿದ್ದರು. ಈ ಹಾಡಿಗೆ ನಿಜವಾದ ಸಾಹಿತ್ಯ ಬರಲೇ ಇಲ್ಲವಲ್ಲ, ಡಮ್ಮಿಯೇ ಗತಿ. ಆ ಡಮ್ಮಿ ಎಲ್ಲಿಯದು? ನನ್ನದು. ಮದ್ರಾಸಿನಲ್ಲಿ ಅಕ್ಕನ ಮನೆಯಲ್ಲಿ ನಾನಿದ್ದಾಗ ಹಜಾರದಲ್ಲಿ ವಾದ್ಯದವರು ತುಂಬಿರುತ್ತಿದ್ದರು. ಎಷ್ಟು ಕರೆದರೂ ಊಟಕ್ಕೆ ಏಳರು. ನಾನು ಅಡಿಗೆಮನೆಯಿಂದ ನನ್ನ ಹರಕು ತಮಿಳಿನಲ್ಲಿ ರಸಂ ರೆಡಿ, ಅಪ್ಪಳಂ ಎಂಗೇ, ಸಾದಂ ಆರಿಪೋಚ್ಚು ಎಂದು ಕೂಗುತ್ತಿದ್ದೆ. ಸಾರು ಆಯಿತು, ಹಪ್ಪಳ ಎಲ್ಲಿ, ಅನ್ನ ಆರಿಹೋಯಿತು. ಅಷ್ಟನ್ನೇ ಹಿಡಿದು ಆ ಮನುಷ್ಯ ತಾಯಿ ಸಾಯುವ ರಾಗಕ್ಕೆ ಕೂರಿಸಿದ್ದರು.

"ಭಾವ, ಸ್ಟೇಜ್ ಮೇಲೆ ಇದನ್ನ ಹಾಡಿದ್ರೆ ಹೆಣಾನೂ ಎದ್ದು ಕೂತು ನಗುತ್ತೆ," ಎಂದೆ.

"ಅಲ್ಲಿ ನಾನು ಬಾಯೇ ಬಿಡಲ್ಲ ಕಣೇ. ಹಾರ್ಮೋನಿಯಂ ಶ್ರುತಿ ಹಿಡೀತೀನಿ, ಪಿಟೀಲು ಹಾಡುತ್ತೆ. ಮಾತಿದ್ರೆ ತಾನೇ ನಗೋದು?"

"ನಿಮ್ಮ ಮುಖ ಇರುತ್ತಲ್ಲ."

"ನಿನ್ನ ಮುಖಕ್ಕಿಂತ ವಾಸಿ, ಹೋಗೇ."

ಆದರೆ ಮನೆಯಲ್ಲಿ ಬಾಯಿ ಮುಚ್ಚಿ ಒಂದು ದಿನವೂ ಅಭ್ಯಾಸ ಮಾಡಿಸಲಿಲ್ಲ. ಅವರು ರಸಂ ಎಂದರೆ ಅವಳ ಕಮಾನು ಮೇಲೆ, ಅಪ್ಪಳಂ ಎಂದರೆ ಕೆಳಗೆ. ಹುಡುಗಿ ಚೆನ್ನಾಗಿ ನುಡಿಸುತ್ತಾಳೆ ಎಂದು ಇಬ್ಬರೂ ಖುಷಿಪಟ್ಟೆವು.

ಕಾರ್ಯಕ್ರಮ ಒಂದು ಶಾಲೆಯ ಸಭಾಂಗಣದಲ್ಲಿ. ಮಕ್ಕಳ ಕುಣಿತ ಮುಗಿಯುವ ಹಾಗೆ ಕಾಣಲಿಲ್ಲ. ಭಾವ ಪರದೆಯ ಪಕ್ಕದಲ್ಲಿ ಕೂತು ಆಗಲೇ ಹೊದಿಸಿದ್ದ ಶಾಲಿನ ಅಂಚಿನ ನೂಲು ಕೀಳುತ್ತಿದ್ದರು. ಹೆಸರು ಕೂಗಿದಾಗ ಎದ್ದು ನಡೆದರು, ಅಷ್ಟಕ್ಕೇ ಜನ ನಕ್ಕರು. ಕೂತರು, ನಕ್ಕರು. ಕೈ ಎತ್ತಿದರು. ಹೇಗೋ ಸದ್ದಡಗಿತು.

ಹುಡುಗಿ ಮೊದಲನೇ ಸಾಲು ನುಡಿಸಿದಳು. ಎರಡನೆಯದಕ್ಕೆ ಕಮಾನು ನಿಂತಿತು. ಭಾವನ ಬಾಯಿ ನೋಡಿದಳು. ಬಾಯಿ ಮುಚ್ಚಿತ್ತು. ಮತ್ತೆ ಮೊದಲಿನಿಂದ ಹಿಡಿದಳು, ಅಲ್ಲಿಗೇ ಬಂದು ನಿಂತಳು. ಆಗ ನನಗೆ ಹೊಳೆಯಿತು, ಅವಳು ಕಲಿತಿದ್ದು ರಾಗವನ್ನಲ್ಲ, ಆ ಬಾಯಿಯನ್ನು. ಭಾವ "ನುಡಿಸು" ಎಂದು ತಲೆಯಾಡಿಸಿದರು. ಜನ ಅದನ್ನೇ ಹಾಸ್ಯ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಆಗ ಬಿದ್ದುಬಿಟ್ಟಿದ್ದರೆ ಮುಗಿಯುತ್ತಿತ್ತು. ಪಕ್ಕದಲ್ಲೇ ಹಾಸಿಗೆ ಇತ್ತು. ಬಿದ್ದಿದ್ದರೆ ಹುಡುಗಿಯ ಮಾನವೂ ಉಳಿಯುತ್ತಿತ್ತು, ಇವರಿಗೆ ಶಿಳ್ಳೆಯೂ ಸಿಗುತ್ತಿತ್ತು. ಹಾಡು ಮಾತ್ರ ಇನ್ನೊಂದು ಸಲ ಕಿತ್ತುಹೋಗುತ್ತಿತ್ತು. ಭಾವ ಹಾಸಿಗೆಯ ಕಡೆ ಒಂದು ಸಲ ನೋಡಿದರು. ಬಾಯಿ ತೆರೆದರು.

"ರಸಂ ರೆಡಿ..."

ಸಭಾಂಗಣ ಹಾರಿಹೋಗುವಂತೆ ನಕ್ಕರು. ಅವರು ನಿಲ್ಲಿಸಲಿಲ್ಲ. ಹುಡುಗಿಯ ಮುಖ ಕೆಂಪಗಾಗಿತ್ತು, ಕಮಾನು ಮಾತ್ರ ಈಗ ನೇರವಾಗಿ ಹೋಗುತ್ತಿತ್ತು. ಹಪ್ಪಳ ಬಂದಾಗ ನಾನೂ ನಕ್ಕೆ. ನನ್ನದೇ ಕೂಗನ್ನು ಅಷ್ಟು ಎಳೆದೆಳೆದು ಹಾಡಿದರೆ ನಗದೆ ಇನ್ನೇನು ಮಾಡಲಿ? ಪಲ್ಲವಿ, ಚರಣ, ಮತ್ತೆ ಪಲ್ಲವಿ, ಪೂರಾ ಹಾಡಿ ಮುಗಿಸಿದರು. ಎದ್ದು ಹುಡುಗಿಗೆ ಕೈಮುಗಿದರು. "ಬೀಳಿ ಸಾರ್, ಬೀಳಿ!" ಎಂದು ಹಿಂದಿನಿಂದ ಕೂಗಿದರು. ಭಾವ ಹಾಸಿಗೆಯನ್ನು ಬಳಸಿಕೊಂಡು ನಡೆದು, ಕಟಕಟೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಬಂದರು. ಸಂಘದವನು ಮುಖ ಗಂಟಿಕ್ಕಿಕೊಂಡ.

ಕಾರನ್ನು ಮಗಳು ಓಡಿಸುತ್ತಿದ್ದಳು. ಭಾವ ಹಿಂದೆ ಕೂತಿದ್ದ ನನ್ನ ಕಡೆ ತಿರುಗಿದರು.

"ನೀನೂ ನಕ್ಕೆ."

"ನಗು ಬಂತು, ನಕ್ಕೆ."

"ಎಲ್ಲೆಲ್ಲಿ ನಕ್ಕರು ಅಂತ ಲೆಕ್ಕ ಇಟ್ಟಿದೀನಿ. ಅದು ನನ್ನ ಕಸುಬು. ಸಾದಂ ಆರಿಪೋಚ್ಚು ಅನ್ನೋ ಕಡೆ, ಆ ಮೇಲಿನ ಸ್ವರದಲ್ಲಿ, ಯಾರೂ ನಗಲಿಲ್ಲ. ಗಮನಿಸಿದೆಯಾ?"

ಹೌದು, ಅಲ್ಲಿ ಯಾರೂ ನಕ್ಕಿರಲಿಲ್ಲ. ನಾನೂ ನಕ್ಕಿರಲಿಲ್ಲ. ಯಾರೋ ಕೆಮ್ಮಿದ್ದು ಕೇಳಿಸಿತ್ತು.

"ಗಮನಿಸಿದೆ. ಒಂದು ಸಾಲು. ಅಷ್ಟು ಸಾಕಾ ನಿಮಗೆ?"

"ಸಾಲದು," ಎಂದರು ಭಾವ.